ಹಳೆ ಹಾರ್ಡ್ ಡಿಸ್ಕಿನ ಮ್ಯಾಗ್ನೆಟ್, ತಂಗಿಯ ಉಗುರು: ಮನೆಯಲ್ಲೇ ಮ್ಯಾಗ್ನೆಟಿಕ್ ನೇಲ್ ಪಾಲಿಶ್ ಹಚ್ಚಿದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಬ್ಯೂಟಿ ಪಾರ್ಲರ್‌ನವನಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ತಂಗಿಯ ಮದುವೆ ನಿಶ್ಚಯದ ದಿನ ಗೊತ್ತಾಗಿತ್ತು. ಅವಳಿಗೆ ಮ್ಯಾಗ್ನೆಟಿಕ್ ನೇಲ್ ಪಾಲಿಶ್ ಬೇಕಿತ್ತು. ಉಗುರಿನ ನಡುವೆ ಹೊಳೆಯುವ ಗೆರೆ, ಕೈ ಅಲ್ಲಾಡಿಸಿದರೆ ಗೆರೆಯೂ ಆಚೀಚೆ ಸರಿಯಬೇಕು. ಕ್ಯಾಟ್ ಐ ಅಂತಾರಲ್ಲ, ಅದು. ಪಾರ್ಲರ್‌ನಲ್ಲಿ ಕೇಳಿದರೆ ಎರಡೂ ಕೈಗೆ 900 ರೂಪಾಯಿ ಅಂದರಂತೆ. ಬಾಟಲಿ ತರಿಸಿಕೊಂಡು ಮನೆಯಲ್ಲೇ ಹಚ್ಚಿದಳು, ಗೆರೆ ಬರಲಿಲ್ಲ. ಸೀದಾ ಅಂಗಡಿಗೆ ಬಂದಳು. “ಅಣ್ಣಾ, ನಿನ್ನ ಅಂಗಡ್ಯಾಗ ಮ್ಯಾಗ್ನೆಟ್ ಬೇಕಾದಷ್ಟು ಅದಾವ. ಒಂದ್ ಚಲೋದು ಕೊಡು” ಅಂದಳು.

ಮ್ಯಾಗ್ನೆಟ್ ಕೊಡಲು ಹೋಗಿ ಇಡೀ ಕೆಲಸವೇ ನನ್ನ ತಲೆಗೆ ಬಂತು. ಏನೇನು ಮಾಡಿದೆವು, ಎಲ್ಲೆಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು, ಎಲ್ಲ ಇಲ್ಲಿದೆ. ಒಂದು ಮಾತು ಈಗಲೇ ಹೇಳುತ್ತೇನೆ. ನಮ್ಮ ಕಡೆಯ ಬೇಸಿಗೆಯಲ್ಲಿ ಈ ಪಾಲಿಶ್ ಕೆಡಿಸುವ ದೊಡ್ಡ ಶತ್ರು ತಲೆ ಮೇಲೆ ತಿರುಗುವ ಫ್ಯಾನು. ಬಾಟಲಿಯ ಮೇಲಿನ ಚೀಟಿಯಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ.

ಸಾಮಾನು, ಖರ್ಚು

ಮ್ಯಾಗ್ನೆಟಿಕ್ ಪಾಲಿಶ್ ಒಂದು ಬಾಟಲಿ, ಬೆಳ್ಳಿ ಬಣ್ಣದ್ದು, 249 ರೂಪಾಯಿ. ಅದರ ಜೊತೆಗೇ ಪೆನ್ನಿನ ಮುಚ್ಚಳದಷ್ಟು ದೊಡ್ಡದೊಂದು ಮ್ಯಾಗ್ನೆಟ್ ಕಡ್ಡಿ ಬಂದಿತ್ತು. ಸಾದಾ ಕಪ್ಪು ಪಾಲಿಶ್ 60. ಬಣ್ಣದ ಕೆಳಗೆ ಹಚ್ಚುವ ಬೇಸ್ ಕೋಟ್, ಮೇಲೆ ಹಚ್ಚುವ ಟಾಪ್ ಕೋಟ್ ಎರಡೂ ಸೇರಿ 180. ಪಾಲಿಶ್ ತೆಗೆಯಲು ಅಸಿಟೋನ್ ಇರುವ ರಿಮೂವರ್ 70. ಪ್ಲಾಸ್ಟಿಕ್ ಚಮಚದ ಕಟ್ಟು 20. ಅಂಟು 10. ಒಟ್ಟು 589. ಐಸ್‌ಕ್ರೀಮ್ ಕಡ್ಡಿ, ನೋಟ್‌ಬುಕ್ಕಿನ ರಟ್ಟು, ಹತ್ತಿ, ಅಲ್ಯೂಮಿನಿಯಂ ಫಾಯಿಲ್ ಮನೆಯಲ್ಲೇ ಸಿಕ್ಕವು.

ಯುವಿ ಬೆಳಕಿನಲ್ಲಿ ಗಟ್ಟಿಯಾಗುವ ಜೆಲ್ ಪಾಲಿಶ್ ಯಾಕೆ ತರಲಿಲ್ಲ ಅಂತ ಕೇಳಬಹುದು. ತಂಗಿಯೂ ಅದನ್ನೇ ಕೇಳಿದಳು. ಟೆಂಪರ್ಡ್ ಗ್ಲಾಸ್ ಅಂಟಿಸಲು ನನ್ನ ಬಳಿ ಪುಟ್ಟ ಯುವಿ ಟಾರ್ಚ್ ಇದೆ, ಅದರಲ್ಲೇ ಜೆಲ್ ಒಣಗಿಸಬಹುದಲ್ಲ ಅನ್ನುವುದು ಅವಳ ಲೆಕ್ಕ. ನಾನು ಒಪ್ಪಲಿಲ್ಲ. ಜೆಲ್ ಪಾಲಿಶ್ ಪೂರ್ತಿ ಗಟ್ಟಿಯಾಗಬೇಕಾದರೆ ಅದಕ್ಕೆ ಹೊಂದುವ ಬೆಳಕು, ಅಷ್ಟೇ ವ್ಯಾಟ್, ಅಷ್ಟೇ ಹೊತ್ತು ಬೇಕು. ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿದ ಜೆಲ್ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು, ಒಮ್ಮೆ ಬಂದ ಅಲರ್ಜಿ ಬಿಟ್ಟು ಹೋಗುವುದಿಲ್ಲ. ಜೆಲ್‌ನಲ್ಲಿ ಬಳಸುವ ಟಿಪಿಒ ಅನ್ನುವ ಒಂದು ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಇದೆಲ್ಲ ತಲೆನೋವು ಬೇಡ ಅಂತ ಗಾಳಿಗೆ ಒಣಗುವ ಸಾದಾ ಮ್ಯಾಗ್ನೆಟಿಕ್ ಪಾಲಿಶ್ ಸಾಕು ಅಂದುಕೊಂಡೆವು.

ಹಂತ 1: ಚಮಚದ ಬೆನ್ನಿನ ಮೇಲೆ

ಉಗುರಿನ ಮೇಲೆ ಸುಮ್ನೆ ಹಚ್ಚಿ ಹಚ್ಚಿ ತೆಗೆಯುವುದು ಬೇಡ ಅಂತ ಪ್ಲಾಸ್ಟಿಕ್ ಚಮಚ ಬೋರಲು ಹಾಕಿಕೊಂಡೆವು. ಚಮಚದ ಬೆನ್ನು ಉಗುರಿನಷ್ಟೇ ಬಾಗಿರುತ್ತದೆ, ಬೆಳಕು ಬಿದ್ದಾಗ ಗೆರೆ ಹೇಗೆ ಸರಿಯುತ್ತದೆ ಅಂತ ಗೊತ್ತಾಗುತ್ತದೆ.

ಮೊದಲು ಬಾಟಲಿ. ಈ ಪಾಲಿಶ್‌ನಲ್ಲಿ ಕಬ್ಬಿಣದ ಅಂಶವಿರುವ ಸಣ್ಣ ಸಣ್ಣ ಚಕ್ಕೆಗಳು ಇರುತ್ತವೆ. ಇಟ್ಟಲ್ಲೇ ಇಟ್ಟರೆ ತಳಕ್ಕೆ ಕೂರುತ್ತವೆ. ತಂಗಿ ಬಾಟಲಿಯನ್ನು ಔಷಧಿ ಬಾಟಲಿ ಅಲ್ಲಾಡಿಸಿದಂತೆ ಜೋರಾಗಿ ಅಲ್ಲಾಡಿಸಿದಳು. ಹಚ್ಚಿದ ಮೇಲೆ ತುಂಬಾ ಗುಳ್ಳೆ. ಎರಡು ಅಂಗೈ ನಡುವೆ ಬಾಟಲಿ ಇಟ್ಟು ಎರಡು ನಿಮಿಷ ಉರುಳಿಸಿದರೆ ಚಕ್ಕೆಗಳೂ ಬೆರೆಯುತ್ತವೆ, ಗುಳ್ಳೆಯೂ ಏಳುವುದಿಲ್ಲ. ಇನ್ನೊಂದು, ಬಾಟಲಿಯ ಪಕ್ಕದಲ್ಲಿ ಮ್ಯಾಗ್ನೆಟ್ ಇಡಬೇಡಿ. ಅಂಗಡಿಯ ಟೇಬಲ್ ಮೇಲೆ ಹಾಗೇ ಇಟ್ಟಿದ್ದೆವು. ಚಕ್ಕೆಯೆಲ್ಲ ಒಂದು ಗೋಡೆಗೆ ಹೋಗಿ ಅಂಟಿ, ಕುಂಚದಲ್ಲಿ ಬರೀ ತಿಳಿ ಬಂತು.

ಕಪ್ಪು ಒಂದು ಪದರ ಹಚ್ಚಿ ಒಣಗಿಸಿ, ಅದರ ಮೇಲೆ ಮ್ಯಾಗ್ನೆಟಿಕ್ ಪಾಲಿಶ್ ಹಚ್ಚಿ, ಬಾಟಲಿ ಜೊತೆ ಬಂದ ಕಡ್ಡಿಯನ್ನು ಮೇಲೆ ಹಿಡಿದೆವು. ಏನೋ ಒಂದು ನೆರಳು ಬಂದಂತೆ ಕಂಡಿತು, ಗೆರೆ ಅನ್ನುವಂಥದ್ದು ಇಲ್ಲ. ಪಾಲಿಶ್ ಸರಿಯಿಲ್ಲ ಅಂತ ತಂಗಿ, ಮ್ಯಾಗ್ನೆಟ್ ಸರಿಯಿಲ್ಲ ಅಂತ ನಾನು.

ಚಮಚ ತೊಳೆದು ಮತ್ತೆ ಬಳಸೋಣ ಅಂತ ರಿಮೂವರ್ ಹಾಕಿದೆವು. ಚಮಚವೇ ಕರಗಿ ಅಂಟಂಟಾಯಿತು. ಅಸಿಟೋನ್ ಆ ಪ್ಲಾಸ್ಟಿಕ್‌ಗೆ ಆಗುವುದಿಲ್ಲ. ಹಚ್ಚಿದ ಚಮಚ ಎಸೆಯಿರಿ, ಹೊಸದು ತೆಗೆದುಕೊಳ್ಳಿ. ಕಟ್ಟಿಗೆ 20 ರೂಪಾಯಿ ಅಷ್ಟೇ.

ಹಂತ 2: ಫ್ಯಾನು, ಕೂಲರ್, ಕರೆಂಟ್

ಇದು ನಡೆದದ್ದು ಮೇ ತಿಂಗಳಲ್ಲಿ. ನಮ್ಮೂರ ಮೇ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಧ್ಯಾಹ್ನ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಂಗಡಿಯಲ್ಲಿ ಫ್ಯಾನ್ ಐದರಲ್ಲಿ ಇರುತ್ತದೆ. ಆ ಫ್ಯಾನಿನ ಕೆಳಗೇ ನಾವು ಪ್ರಯೋಗ ಮಾಡುತ್ತಿದ್ದೆವು.

ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಆಗ ತಂಗಿಯ ಕೈಯಲ್ಲಿ ಒಂದು ಚಮಚ ಅರ್ಧ ಆಗಿತ್ತು. ಬೆವರು ಒರೆಸಿಕೊಳ್ಳುತ್ತಲೇ ಅದನ್ನು ಮುಗಿಸಿದಳು. ಆ ಚಮಚದ ಮೇಲೆ ಗೆರೆ ಬಂತು. ಅದೇ ಪಾಲಿಶ್, ಅದೇ ಕಡ್ಡಿ.

ಆಮೇಲೆ ಬೇಕಂತಲೇ ಫ್ಯಾನ್ ಹಾಕಿ, ಆರಿಸಿ ನೋಡಿದೆವು. ವಿಷಯ ಇಷ್ಟೇ. ನೇಲ್ ಪಾಲಿಶ್‌ನಲ್ಲಿರುವ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಥರದ ದ್ರಾವಕಗಳು ಬೇಗ ಆರುತ್ತವೆ. ಸೆಕೆಯಲ್ಲಿ ಇನ್ನೂ ಬೇಗ, ಫ್ಯಾನ್ ಕೆಳಗೆ ಮತ್ತೂ ಬೇಗ. ಮೇಲೆ ಒಂದು ತೆಳು ಪೊರೆ ಕಟ್ಟಿಬಿಟ್ಟರೆ ಒಳಗಿನ ಚಕ್ಕೆಗಳು ತಿರುಗಲಾರವು, ಎಂಥ ಮ್ಯಾಗ್ನೆಟ್ ಹಿಡಿದರೂ ಅಷ್ಟೇ. ಫ್ಯಾನಿನ ಕೆಳಗೆ ಹತ್ತು ಸೆಕೆಂಡ್ ತಡವಾದರೆ ಗೆರೆ ಮಸುಕು. ಫ್ಯಾನ್ ಆರಿಸಿದರೆ ಅರ್ಧ ನಿಮಿಷದವರೆಗೂ ಸಮಯ ಸಿಗುತ್ತಿತ್ತು.

ಮನೆಯಲ್ಲಿ ಕೂಲರ್ ಮುಂದೆ ಕೂತು ನೋಡಿದೆವು. ಅದು ಇನ್ನೊಂದು ಥರ ಕೆಟ್ಟಿತು. ಕೂಲರ್ ಗಾಳಿಯಲ್ಲಿ ನೀರಿನ ಪಸೆ ಇರುತ್ತದಲ್ಲ, ಪಾಲಿಶ್ ಮೇಲೆ ಬಿಳಿ ಮಸುಕು ಕೂತುಬಿಟ್ಟಿತು. ಕಪ್ಪು ಬಣ್ಣ ಬೂದಿಯಾಗಿ ಕಾಣಿಸಿತು. ಕೊನೆಗೆ ತೀರ್ಮಾನ ಮಾಡಿದ್ದು: ಬೆಳಗ್ಗೆ ಆರು ಗಂಟೆಗೆ, ಫ್ಯಾನ್ ಬಂದ್, ಕೂಲರ್ ಬಂದ್, ಕಿಟಕಿ ತೆರೆದಿರಬೇಕು. ವಾಸನೆ ಹೊರಗೆ ಹೋಗಬೇಕು ಅಂದರೆ ಕಿಟಕಿ ಬೇಕೇ ಬೇಕು. ಬಾಟಲಿಗಳನ್ನು ರಾತ್ರಿಯೇ ನೀರಿನ ಮಡಕೆಯ ಪಕ್ಕ ನೆರಳಲ್ಲಿ ಇಟ್ಟಿದ್ದೆವು. ಫ್ರಿಜ್‌ನಲ್ಲಿ ಇಡಬೇಡಿ, ಹೊರಗೆ ತೆಗೆದ ಕೂಡಲೇ ಗಾಜಿನ ಮೇಲೆ ನೀರು ಕೂರುತ್ತದೆ, ಪಾಲಿಶ್ ಗಟ್ಟಿಯಾಗಿ ಕುಂಚ ಎಳೆಯುತ್ತದೆ.

ಬೆಂಕಿ ಬಗ್ಗೆಯೂ ಹೇಳಬೇಕು. ಅಸಿಟೋನ್ ಆವಿ ಹೊತ್ತಿಕೊಳ್ಳಲು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಉಷ್ಣತೆಯೂ ಸಾಕು, ಒಂದು ಕಿಡಿ ಸಿಕ್ಕರೆ ಆಯಿತು. ನನ್ನ ಟೇಬಲ್ ಮೇಲೆ ಸೋಲ್ಡರಿಂಗ್ ಐರನ್ ಯಾವಾಗಲೂ ಕಾದಿರುತ್ತದೆ. ಬಾಟಲಿ ತೆರೆಯುವ ಮೊದಲು ಅದರ ಪ್ಲಗ್ಗೇ ಕಿತ್ತೆ. ಮನೆಯಲ್ಲಾದರೆ ದೇವರ ದೀಪ, ಗ್ಯಾಸ್ ಒಲೆ ಎರಡರಿಂದಲೂ ದೂರ ಕೂರಿ.

ಹಂತ 3: ಯಾವ ಮ್ಯಾಗ್ನೆಟ್?

ಇಲ್ಲಿ ನನಗೆ ಮಜಾ ಬಂತು. ರಿಪೇರಿ ಅಂಗಡಿಯಲ್ಲಿ ಮ್ಯಾಗ್ನೆಟ್‌ಗೆ ಬರವಿಲ್ಲ. ಸಿಕ್ಕಿದ್ದನ್ನೆಲ್ಲ ಚಮಚದ ಮೇಲೆ ಹಿಡಿದು ನೋಡಿದೆ.

ಹಳೆ ಸ್ಪೀಕರಿನ ಕಪ್ಪು ಬಳೆ ಮ್ಯಾಗ್ನೆಟ್: ಚಮಚ ಪೂರ್ತಿ ಕಪ್ಪಾಯಿತು, ಗೆರೆ ಇಲ್ಲ. ಅಗಲ ಜಾಸ್ತಿ, ಚಕ್ಕೆಗಳೆಲ್ಲ ಒಟ್ಟಿಗೆ ಎದ್ದು ನಿಂತುಬಿಡುತ್ತವೆ. ನಿಂತ ಚಕ್ಕೆ ಬೆಳಕು ವಾಪಸ್ ಕೊಡುವುದಿಲ್ಲ, ಮಲಗಿದ ಚಕ್ಕೆ ಹೊಳೆಯುತ್ತದೆ. ಇಷ್ಟು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಫ್ರಿಜ್ ಬಾಗಿಲಿಗೆ ಅಂಟಿಸುವ ರಬ್ಬರ್ ಹಾಳೆಯಂಥ ಮ್ಯಾಗ್ನೆಟ್: ಇದರಿಂದ ಸಣ್ಣ ಸಣ್ಣ ಪಟ್ಟೆಗಳು ಬರುತ್ತವೆ, ನೋಡಲು ಚೆಂದ. ಯಾಕೆಂದರೆ ಅದರ ಬೆನ್ನಿನಲ್ಲಿ ಉತ್ತರ, ದಕ್ಷಿಣ ಧ್ರುವಗಳು ಪಟ್ಟೆಪಟ್ಟೆಯಾಗಿ ಇರುತ್ತವೆ. ಆದರೆ ಶಕ್ತಿ ತೀರಾ ಕಮ್ಮಿ. ಒಂದು ಮಿಲಿಮೀಟರ್‌ನಷ್ಟು ಹತ್ತಿರ ಹಿಡಿಯಬೇಕು, ಕೈ ಸ್ವಲ್ಪ ನಡುಗಿದರೂ ಪಾಲಿಶ್‌ಗೆ ತಾಗುತ್ತದೆ. ತಾಗಿತು ಕೂಡ.

ಮೊಬೈಲ್ ಫ್ಲಿಪ್ ಕವರಿನ ಬಿಲ್ಲೆ ಮ್ಯಾಗ್ನೆಟ್, ಸುಮಾರು 10 ಮಿಲಿಮೀಟರ್ ಅಗಲ: ಮುಖ ಕೆಳಗೆ ಮಾಡಿ ಮಲಗಿಸಿ ಹಿಡಿದರೆ ನಡುವೆ ಕಪ್ಪು ಚುಕ್ಕೆ, ಸುತ್ತ ಹೊಳಪು. ಅದೇ ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ ಹೊಳೆಯುವ ಗೆರೆ! ಒಂದೇ ಬಿಲ್ಲೆಯಾದರೆ ಗೆರೆ ತೆಳ್ಳಗೆ, ಆದರೆ ಮಂಕು. ಮೂರು ಜೋಡಿಸಿದರೆ ಗೆರೆ ದಪ್ಪ, ಹೊಳಪೂ ಜಾಸ್ತಿ. ನಿಮ್ಮ ಮನೆಯಲ್ಲಿ ಹಾರ್ಡ್ ಡಿಸ್ಕ್ ಬಿಚ್ಚುವ ಸೌಕರ್ಯ ಇಲ್ಲದಿದ್ದರೆ ಇದೇ ಸಾಕು, ಧಾರಾಳವಾಗಿ ಬಳಸಿ.

ಹಾರ್ಡ್ ಡಿಸ್ಕ್ ಮ್ಯಾಗ್ನೆಟ್: ಇದೇ ಗೆದ್ದದ್ದು. ನನ್ನದೇ ಸತ್ತ ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕ್ ಮೂಲೆಯಲ್ಲಿ ಬಿದ್ದಿತ್ತು. ಓದುವ ಮುಳ್ಳನ್ನು ಆಡಿಸಲು ಅದರೊಳಗೆ ಬಾಗಿದ ಆಕಾರದ ನಿಯೋಡೈಮಿಯಂ ಮ್ಯಾಗ್ನೆಟ್ ಇರುತ್ತದೆ. ಅದರ ವಿಶೇಷ ಏನೆಂದರೆ ಒಂದೇ ಮುಖದ ಅರ್ಧ ಭಾಗ ಉತ್ತರ ಧ್ರುವ, ಇನ್ನರ್ಧ ದಕ್ಷಿಣ. ಎರಡೂ ಕೂಡುವ ಕಡೆ ಚಕ್ಕೆಗಳು ಅಡ್ಡಡ್ಡ ಮಲಗುತ್ತವೆ. ಅಲ್ಲಿ ಬರುವ ಗೆರೆ ಚೂಪು ಅಂದರೆ ಚೂಪು.

ಬಿಚ್ಚುವಾಗ ನೆನಪಿಡಬೇಕಾದದ್ದು ಕೆಲವು ಇವೆ. ಆರು ಮೂಲೆಯ ತುದಿ ಇರುವ ಟಿ6 ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು, ಸಾದಾ ನಕ್ಷತ್ರದ್ದು ಹಿಡಿಯುವುದಿಲ್ಲ. ಒಂದು ಸ್ಕ್ರೂ ಸ್ಟಿಕ್ಕರಿನ ಕೆಳಗೆ ಅಡಗಿರುತ್ತದೆ, ಬೆರಳಲ್ಲಿ ಒತ್ತಿ ಹುಡುಕಿ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಎಷ್ಟೋ ಸಲ ಗಾಜಿನದ್ದು, ಬಗ್ಗಿಸಲು ಹೋದರೆ ಚೂರುಚೂರಾಗಿ ಕಣ್ಣಿಗೆ ಹಾರುತ್ತದೆ. ಅದನ್ನು ಮುಟ್ಟಲೇಬೇಡಿ. ಮ್ಯಾಗ್ನೆಟ್ ಅಂಟಿರುವ ಉಕ್ಕಿನ ಪಟ್ಟಿಯನ್ನು ಬಿಡಿಸುವ ಸಾಹಸ ಬೇಡ, ಪಟ್ಟಿಯ ಸಮೇತ ಬಳಸಿ. ಎಬ್ಬಿಸಲು ಹೋದರೆ ಮ್ಯಾಗ್ನೆಟ್ ಮುರಿಯುತ್ತದೆ, ಮೇಲಿನ ನಿಕಲ್ ಪದರವೂ ಏಳುತ್ತದೆ. ಎರಡು ಮ್ಯಾಗ್ನೆಟ್ ಇದ್ದರೆ ಅವುಗಳ ನಡುವೆ ಹಳೆ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಪಕ್ಕಕ್ಕೆ ಜಾರಿಸಿ. ನೇರ ಎಳೆದು ಬಿಟ್ಟರೆ ನಡುವೆ ಸಿಕ್ಕ ಬೆರಳಿನ ಚರ್ಮ ಹೋಯಿತು ಅಂತಲೇ ಲೆಕ್ಕ.

ಸಣ್ಣ ಮಕ್ಕಳಿರುವ ಮನೆಯಾದರೆ ಇನ್ನೂ ಎಚ್ಚರ. ಇಂಥ ಎರಡು ಮ್ಯಾಗ್ನೆಟ್ ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ಎದೆಯಲ್ಲಿ ಪೇಸ್‌ಮೇಕರ್ ಇರುವವರ ಹತ್ತಿರವೂ ಇದನ್ನು ಒಯ್ಯಬಾರದು.

ಎರಡು ಧ್ರುವ ಕೂಡುವ ಗೆರೆ ಕಣ್ಣಿಗೆ ಕಾಣುವುದಿಲ್ಲವಲ್ಲ. ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಲಿಶ್ ಬಳಿದು ಮ್ಯಾಗ್ನೆಟ್ ಮೇಲಿಟ್ಟೆ. ಗೆರೆ ತಾನೇ ಕಾಣಿಸಿತು. ಅದೇ ಜಾಗಕ್ಕೆ ಉಕ್ಕಿನ ಪಟ್ಟಿಯ ಅಂಚಿನಲ್ಲಿ ಮಾರ್ಕರ್‌ನಿಂದ ಗುರುತು ಹಾಕಿದೆ.

ಹಂತ 4: ಅಂತರ ಕಾಯುವ ಸ್ಟ್ಯಾಂಡ್

ಗೆರೆ ಬಂತು, ಆದರೆ ಒಂದೊಂದು ಚಮಚದಲ್ಲಿ ಒಂದೊಂದು ಥರ. ಕೈಯಲ್ಲಿ ಹಿಡಿದರೆ ಅಂತರ ಒಂದೇ ಸಮ ಇರುವುದಿಲ್ಲ. ಹಾರ್ಡ್ ಡಿಸ್ಕ್ ಮ್ಯಾಗ್ನೆಟ್ ಅಂತೂ ತುಂಬಾ ಬಲವಾದದ್ದು. ಒಂದು ಮಿಲಿಮೀಟರ್‌ಗೆ ಇಳಿದರೆ ಹಸಿ ಪಾಲಿಶ್ ಮೇಲೆದ್ದು ಮುಳ್ಳುಮುಳ್ಳಾಗುತ್ತದೆ. ಐದಕ್ಕೆ ಹೋದರೆ ಗೆರೆ ಅಗಲವಾಗಿ ಹರಡಿಕೊಳ್ಳುತ್ತದೆ. ಚಮಚದ ಮೇಲೆ ಬೇರೆ ಬೇರೆ ಅಂತರ ನೋಡಿ 3 ಮಿಲಿಮೀಟರ್ ಸರಿ ಅನ್ನಿಸಿತು.

ಬಟ್ಟೆ ಕ್ಲಿಪ್ಪಿಗೆ ಮ್ಯಾಗ್ನೆಟ್ ಸಿಕ್ಕಿಸಿ ಮೊದಲ ಸ್ಟ್ಯಾಂಡ್ ಮಾಡಿದೆ. ಕ್ಲಿಪ್ಪಿನ ಸ್ಪ್ರಿಂಗ್ ಉಕ್ಕಿನದ್ದು ಅನ್ನುವುದು ತಲೆಗೇ ಬಂದಿರಲಿಲ್ಲ. ಮ್ಯಾಗ್ನೆಟ್ ಕ್ಲಿಪ್ಪಿನಿಂದ ಜಿಗಿದು ಸ್ಪ್ರಿಂಗ್‌ಗೆ ಕಚ್ಚಿಕೊಂಡಿತು. ಸ್ಟ್ಯಾಂಡಿನಲ್ಲಿ ಕಬ್ಬಿಣದ ಚೂರೂ ಇರಬಾರದು. ಸ್ಟೀಲ್ ಟೇಬಲ್ ಕೂಡ ಬೇಡ.

ಎರಡನೆಯದು ಐಸ್‌ಕ್ರೀಮ್ ಕಡ್ಡಿಯದ್ದು. ನನ್ನ ಹತ್ತಿರ ಇದ್ದ ಕಡ್ಡಿಯ ದಪ್ಪ 2 ಮಿಲಿಮೀಟರ್. 11 ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿದರೆ 22 ಮಿಲಿಮೀಟರ್ ಎತ್ತರದ ಕಾಲು. ಅಂಥವು ಎರಡು, ನಡುವೆ 45 ಮಿಲಿಮೀಟರ್ ಜಾಗ. ಮೇಲೆ ಎರಡು ಕಡ್ಡಿ ಅಡ್ಡ ಇಟ್ಟು ಸೇತುವೆ. ಸೇತುವೆಯ ಕೆಳಗೆ ಉಕ್ಕಿನ ಪಟ್ಟಿ ಅಂಟಿಸಿ, ಮ್ಯಾಗ್ನೆಟ್ ಮುಖ ಕೆಳಗೆ. ಪಟ್ಟಿ, ಮ್ಯಾಗ್ನೆಟ್ ಸೇರಿ 3 ಮಿಲಿಮೀಟರ್. ಹಾಗಾಗಿ ಟೇಬಲ್‌ನಿಂದ ಮ್ಯಾಗ್ನೆಟ್ ಮುಖಕ್ಕೆ 19 ಮಿಲಿಮೀಟರ್ ಉಳಿಯಿತು.

ಗ್ಲೂ ಗನ್ ಹತ್ತಿರವೇ ಇತ್ತು, ಬಳಸಲಿಲ್ಲ. ಸಾಮಾನ್ಯ ದರ್ಜೆಯ ನಿಯೋಡೈಮಿಯಂ ಸುಮಾರು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರು ಮಾಡುತ್ತದೆ. ಬಿಸಿ ಅಂಟು ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. 10 ರೂಪಾಯಿಯ ಅಂಟೇ ಸಾಕಾಯಿತು. ಪಟ್ಟಿಯ ಬೆನ್ನನ್ನು ಮೊದಲು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿಕೊಂಡೆ.

ಇನ್ನು ಬೆರಳು. ಎಲ್ಲ ಬೆರಳೂ ಒಂದೇ ದಪ್ಪ ಇರುವುದಿಲ್ಲ. ತಂಗಿಯ ಬೆರಳುಗಳನ್ನು ಟೇಬಲ್ ಮೇಲಿಟ್ಟು ಉಗುರಿನ ಮೇಲ್ಮೈವರೆಗಿನ ಎತ್ತರ ಅಳೆದೆ. ಹೆಬ್ಬೆರಳು 15, ತೋರುಬೆರಳು 12, ಕಿರುಬೆರಳು 10 ಮಿಲಿಮೀಟರ್. ಉಗುರು 16ರ ಎತ್ತರಕ್ಕೆ ಬಂದರೆ ಅಂತರ ಸರಿಯಾಗಿ 3. ಹಾಗಾಗಿ ಬೆರಳಿನ ಕೆಳಗೆ ರಟ್ಟು. ನೋಟ್‌ಬುಕ್ಕಿನ ರಟ್ಟು ಒಂದು ಮಿಲಿಮೀಟರ್ ದಪ್ಪ. ಹೆಬ್ಬೆರಳಿಗೆ ಒಂದು ಪದರ, ತೋರುಬೆರಳಿಗೆ ನಾಲ್ಕು, ಕಿರುಬೆರಳಿಗೆ ಆರು. ಒಂದೊಂದು ಕಟ್ಟಿನ ಮೇಲೂ ಯಾವ ಬೆರಳಿನದ್ದು ಅಂತ ಬರೆದೆ. ನಿಮ್ಮ ಬೆರಳಿನ ಅಳತೆ ಬೇರೆ ಇರುತ್ತದೆ, ಅಳೆದು ಮಾಡಿಕೊಳ್ಳಿ.

ಗೆರೆ ಓರೆಯಾಗಿ ಬೇಕು ಅಂದಳು ತಂಗಿ. ಅದಕ್ಕೆ ಮ್ಯಾಗ್ನೆಟ್ ಕೀಳಬೇಕಿಲ್ಲ, ಸ್ಟ್ಯಾಂಡನ್ನೇ ತಿರುಗಿಸಿದರಾಯಿತು. ಬಿಳಿ ಹಾಳೆಯ ಮೇಲೆ ಬೆರಳಿಡಲು ಒಂದು ನೇರ ಗೆರೆ ಎಳೆದು, ಕೋನಮಾಪಕ ಇಟ್ಟು ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿ ಇನ್ನೆರಡು ಗೆರೆ ಎಳೆದೆ. ಎಡಗೈಗೆ ಒಂದು ಕಡೆ, ಬಲಗೈಗೆ ಇನ್ನೊಂದು ಕಡೆ. ಎರಡೂ ಕೈಗೆ ಒಂದೇ ಕಡೆ ತಿರುಗಿಸಿದರೆ ಕೈ ಜೋಡಿಸಿದಾಗ ಗೆರೆಗಳು ಹೊಂದುವುದಿಲ್ಲ. ಇದನ್ನು ಹೇಳಿದ್ದು ತಂಗಿ. ನನಗೆ ಹೊಳೆದಿರಲಿಲ್ಲ.

ಹಂತ 5: ಉಗುರಿನ ಮೇಲೆ

ನಿಶ್ಚಯದ ಹಿಂದಿನ ದಿನ ಬೆಳಗ್ಗೆ. ಅದಕ್ಕೂ ಹಿಂದಿನ ರಾತ್ರಿ ಮೆಹಂದಿ ಆಗಿತ್ತು. ಈ ಕ್ರಮ ಮುಖ್ಯ: ಮೊದಲು ಮೆಹಂದಿ, ಆಮೇಲೆ ಪಾಲಿಶ್. ಆದರೆ ಮೆಹಂದಿ ಕೆಂಪಾಗಲಿ ಅಂತ ಕೈಗೆಲ್ಲ ನೀಲಗಿರಿ ಎಣ್ಣೆ ಹಚ್ಚಿಕೊಂಡಿದ್ದಳು. ಎಣ್ಣೆ ಪಸೆ ಇರುವ ಉಗುರಿನ ಮೇಲೆ ಪಾಲಿಶ್ ನಿಲ್ಲುವುದಿಲ್ಲ. ರಿಮೂವರ್ ಅದ್ದಿದ ಹತ್ತಿಯಿಂದ ಬರೀ ಉಗುರನ್ನು ಮಾತ್ರ ಒರೆಸಿದೆವು, ಚರ್ಮಕ್ಕೆ ತಾಗಿಸದೆ.

ಬೇಸ್ ಕೋಟ್ ಒಂದು ತೆಳು ಪದರ, ಎರಡು ನಿಮಿಷ. ಕಪ್ಪು ಒಂದು ತೆಳು ಪದರ, ಐದು ನಿಮಿಷ. ಕಪ್ಪು ಪೂರ್ತಿ ಒಣಗದಿದ್ದರೆ ಮೇಲಿನ ಕುಂಚ ಅದನ್ನು ಎಳೆದುಕೊಂಡು ಬರುತ್ತದೆ. ಇಲ್ಲಿಯವರೆಗೆ ಹತ್ತೂ ಉಗುರು ಒಟ್ಟಿಗೆ ಮಾಡಬಹುದು.

ಮ್ಯಾಗ್ನೆಟಿಕ್ ಪದರ ಮಾತ್ರ ಒಂದೊಂದೇ ಉಗುರು. ಐದೂ ಹಚ್ಚಿ ಆಮೇಲೆ ಮ್ಯಾಗ್ನೆಟ್ ಹಿಡಿಯೋಣ ಅಂದರೆ ಮೊದಲನೆಯದು ಆಗಲೇ ಪೊರೆ ಕಟ್ಟಿರುತ್ತದೆ. ತಂಗಿ ಮನೆಯಲ್ಲಿ ತಾನೇ ಹಚ್ಚಿಕೊಂಡಾಗ ಹಾಗೇ ಮಾಡಿದ್ದಳಂತೆ. ಪದರ ಸ್ವಲ್ಪ ದಪ್ಪ ಇರಬೇಕು. ಚಕ್ಕೆ ತಿರುಗಲು ಜಾಗ ಬೇಕಲ್ಲ. ಆದರೆ ಅಂಚಿಗೆ ಹರಿಯುವಷ್ಟು ದಪ್ಪ ಬೇಡ. ಕುಂಚ ಮೂರೇ ಎಳೆತ: ನಡುವೆ, ಎಡ, ಬಲ. ಕೊನೆಗೆ ಉಗುರಿನ ತುದಿಯ ಅಂಚಿಗೂ ಒಂದು ಸವರು.

ಹಚ್ಚಿದ ಕೂಡಲೇ ಬೆರಳನ್ನು ರಟ್ಟಿನ ಮೇಲಿಟ್ಟು ಸ್ಟ್ಯಾಂಡಿನ ಕೆಳಗೆ ತಳ್ಳಿ, 20 ಸೆಕೆಂಡ್. ನಾನು ಮೊಬೈಲ್ ಟೈಮರ್ ಇಟ್ಟಿದ್ದೆ. ಮೊಬೈಲನ್ನು ಮ್ಯಾಗ್ನೆಟ್‌ನಿಂದ ದೂರ ಇಡಿ. ಎಟಿಎಂ ಕಾರ್ಡನ್ನೂ ಅಷ್ಟೇ, ಹಿಂದಿನ ಕಪ್ಪು ಪಟ್ಟಿ ಅಳಿಸಬಹುದು. 20 ಸೆಕೆಂಡ್ ಆದ ಮೇಲೆ ಬೆರಳನ್ನು ನೇರ ಹಿಂದಕ್ಕೆ ಸರಕ್ಕನೆ ಎಳೆಯಿರಿ. ನಿಧಾನ ಎಳೆದರೆ ಗೆರೆಯೂ ಮ್ಯಾಗ್ನೆಟ್ ಹಿಂದೆಯೇ ಹೋಗುತ್ತದೆ.

ಬಲಗೈ ತೋರುಬೆರಳಿನದ್ದು ತುಸು ತಡವಾಯಿತು, ಅವ್ವ ಚಹಾ ಕೊಡಲು ಬಂದಿದ್ದಳು. ಗೆರೆ ಅರ್ಧ ಬಂತು. ಅಂಥ ಉಗುರಿಗೆ ಅಲ್ಲೇ ಇನ್ನೊಂದು ಪದರ ಬಳಿದು ಮತ್ತೆ ಮ್ಯಾಗ್ನೆಟ್ ಹಿಡಿದರೆ ಸರಿಹೋಗುತ್ತದೆ. ಪೂರ್ತಿ ತೆಗೆಯಬೇಕಿಲ್ಲ.

ಬೀದರ್‌ನಿಂದ ಬಂದಿದ್ದ ನಮ್ಮ ಅತ್ತೆ ಉಗುರು ನೋಡಿ, “ಏ, ಬಿದರಿ ಹೂಜಿ ಮ್ಯಾಲಿನ ಬೆಳ್ಳಿ ಎಳಿ ಇದ್ದಂಗ ಅದಲ್ಲವಾ” ಅಂದರು. ಕಪ್ಪಿನ ಮೇಲೆ ಬೆಳ್ಳಿ ನಿಜಕ್ಕೂ ಹಾಗೇ ಕಾಣುತ್ತದೆ. ಹಸಿರು, ನೀಲಿ ಬಾಟಲಿ ತರಿಸುವ ಯೋಚನೆಯಲ್ಲಿದ್ದ ತಂಗಿ ಆ ಮಾತಿನ ಮೇಲೆ ಬೆಳ್ಳಿಯಲ್ಲೇ ಉಳಿದಳು.

ಹಂತ 6: ಟಾಪ್ ಕೋಟ್ ಮೋಸ ಮಾಡಿತು

ಚಮಚದ ಮೇಲೆಯೇ ಇದು ಗೊತ್ತಾಗಿದ್ದು ಒಳ್ಳೆಯದಾಯಿತು. ಚೂಪಾದ ಗೆರೆಯ ಮೇಲೆ ಟಾಪ್ ಕೋಟ್ ಬಳಿದರೆ ಗೆರೆ ಮೆಲ್ಲಗೆ ಕರಗಿ ಹರಡಿತು. ಟಾಪ್ ಕೋಟಿನ ದ್ರಾವಕ ಕೆಳಗಿನ ಪದರವನ್ನು ಮತ್ತೆ ಮೆತ್ತಗೆ ಮಾಡುತ್ತದೆ, ಚಕ್ಕೆಗಳು ಸಡಿಲವಾಗುತ್ತವೆ.

ಎರಡು ಉಪಾಯ ಸೇರಿಸಿ ಬಳಸಿದೆವು. ಮ್ಯಾಗ್ನೆಟಿಕ್ ಪದರ ಹಚ್ಚಿ ಹತ್ತು ನಿಮಿಷ ಬಿಟ್ಟೆವು. ಟಾಪ್ ಕೋಟ್ ಹಚ್ಚಿದ ಕೂಡಲೇ ಆ ಉಗುರನ್ನು ಮತ್ತೆ ಸ್ಟ್ಯಾಂಡಿನ ಕೆಳಗೆ ಅದೇ ಕೋನದಲ್ಲಿ 15 ಸೆಕೆಂಡ್ ಇಟ್ಟೆವು. ಗೆರೆ ಹಾಗೇ ನಿಂತಿತು. ಹಾಳೆಯ ಮೇಲೆ ಕೋನ ಬರೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು. ಎರಡನೇ ಸಲ ಕೋನ ತಪ್ಪಿದರೆ ಹಳೆ ಗೆರೆ, ಹೊಸ ಗೆರೆ ಎರಡೂ ಕಲಸಿಹೋಗುತ್ತವೆ.

ಮುಟ್ಟಿದರೆ ಅಂಟುವುದಿಲ್ಲ ಅನ್ನಿಸಲು ಅರ್ಧ ಗಂಟೆ ಸಾಕು. ಒಳಗೆ ಗಟ್ಟಿಯಾಗಲು ಅಷ್ಟು ಸಾಲದು. ಆ ದಿನ ತಂಗಿಗೆ ಬೇರೆ ಕೆಲಸ ಕೊಡಲಿಲ್ಲ. “ಮತ್ತ ರೊಟ್ಟಿ ಯಾರ್ ಬಡೀಬೇಕು?” ಅಂತ ಅವ್ವ ಒಂದು ಸಲ ಕೇಳಿದಳು, ಅಷ್ಟೇ.

ಹಂತ 7: ರೊಟ್ಟಿ ಬಡಿದ ಮೇಲೆ

ನಿಶ್ಚಯ ಮುಗಿದ ಮಾರನೇ ದಿನದಿಂದ ತಂಗಿ ಒಲೆಯ ಮುಂದೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುವುದು, ಆಮೇಲೆ ಬಡಿಯುವುದು. ಪಾಲಿಶ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಇರಲಾರದು. ಬಿಸಿ ನೀರು ಉಗುರನ್ನು ಹಿಗ್ಗಿಸುತ್ತದೆ, ಪಾಲಿಶ್ ಅಷ್ಟು ಹಿಗ್ಗುವುದಿಲ್ಲ, ತುದಿಯಿಂದ ಬಿಡುತ್ತದೆ. ಬಲಗೈ ನಡುಬೆರಳು, ತೋರುಬೆರಳು ಮೊದಲು ಚಕ್ಕೆ ಎದ್ದವು. ಎಡಗೈ ಒಂದು ವಾರಕ್ಕೂ ಹೆಚ್ಚು ಚೆನ್ನಾಗಿತ್ತು. ತುದಿಯ ಅಂಚಿಗೂ ಟಾಪ್ ಕೋಟ್ ಸವರಿದ ಉಗುರುಗಳು, ಗಿಡ್ಡವಾಗಿ ಕತ್ತರಿಸಿದ ಉಗುರುಗಳು ಜಾಸ್ತಿ ದಿನ ಬಾಳಿದವು.

ಚಕ್ಕೆ ಏಳಲು ಶುರುವಾದ ಕೈಯಲ್ಲಿ ಹಿಟ್ಟು ನಾದಬೇಡಿ, ಪಾಲಿಶ್ ತೆಗೆದೇ ನಾದಿ. ಊಟದಲ್ಲಿ ಬೆಳ್ಳಿ ಚೂರು ಯಾರಿಗೂ ಬೇಡ.

ತೆಗೆಯುವಾಗ ಹತ್ತಿಯಿಂದ ಉಜ್ಜಿದರೆ ಬೂದು ಬಣ್ಣ ಬೆರಳಿಗೆಲ್ಲ ಹರಡಿತು. ಹತ್ತಿ ಉಂಡೆಗೆ ರಿಮೂವರ್ ಅದ್ದಿ ಉಗುರಿನ ಮೇಲಿಟ್ಟು, ಮೇಲೆ ಫಾಯಿಲ್ ಸುತ್ತಿ ಐದು ನಿಮಿಷ ಬಿಟ್ಟರೆ ಒಂದೇ ಎಳೆತಕ್ಕೆ ಬರುತ್ತದೆ. ಕೆರೆಯಬೇಡಿ. ಆಮೇಲೆ ಸೋಪು ಹಚ್ಚಿ ಕೈ ತೊಳೆದು ಕೊಬ್ಬರಿ ಎಣ್ಣೆ ಸವರಿ, ಅಸಿಟೋನ್ ಉಗುರನ್ನು ತುಂಬಾ ಒಣಗಿಸುತ್ತದೆ.

ಹಂತ 8: ಗೆಳತಿಯ ಉಗುರು

ತಂಗಿಯ ಗೆಳತಿಯೊಬ್ಬಳು ನಮ್ಮ ಓಣಿಯವಳೇ. ಅವಳಿಗೂ ಇದು ಇಷ್ಟವಾಯಿತು. ಆದರೆ ನಮಾಜಿಗೆ ಮೊದಲು ವುಝು ಮಾಡುವಾಗ ಉಗುರಿಗೆ ನೀರು ತಾಗಬೇಕು, ಪಾಲಿಶ್ ಇದ್ದರೆ ಆಗುವುದಿಲ್ಲ. ದಿನಾ ಫಾಯಿಲ್ ಕಟ್ಟುತ್ತ ಕೂರುವುದು ಆಗದ ಮಾತು. 24 ಪ್ಲಾಸ್ಟಿಕ್ ಉಗುರುಗಳ ಡಬ್ಬಿ, ಅಂಟಿಸುವ ಟೇಪಿನ ಚೂರುಗಳ ಸಮೇತ, 120 ರೂಪಾಯಿಗೆ ತಂದಳು. ಅವುಗಳ ಮೇಲೆ ಮಾಡಿಕೊಟ್ಟೆವು. ಮದುವೆ ಮನೆಗೆ ಹೋಗುವಾಗ ಅಂಟಿಸಿಕೊಳ್ಳುತ್ತಾಳೆ, ಬೇಕಾದಾಗ ಕಿತ್ತಿಡುತ್ತಾಳೆ.

ಕೆಲಸವೂ ಇದರಲ್ಲೇ ಸುಲಭ. ಉಗುರನ್ನು ಡಬಲ್ ಸೈಡ್ ಟೇಪಿನಿಂದ ರಟ್ಟಿನ ತುಂಡಿಗೆ ಅಂಟಿಸಿ ಸ್ಟ್ಯಾಂಡಿನ ಕೆಳಗೆ ತಳ್ಳಿದರೆ ಆಯಿತು, ನಡುಗುವ ಬೆರಳೇ ಇಲ್ಲ. ಹತ್ತಕ್ಕೆ ಹತ್ತೂ ಒಂದೇ ಥರ ಬಂದವು. ತಂಗಿಯ ಕೈಗಿಂತ ಚೆನ್ನಾಗಿ ಬಂದವು ಅಂತ ತಂಗಿಗೇ ಸ್ವಲ್ಪ ಹೊಟ್ಟೆಕಿಚ್ಚು. ಎಚ್ಚರ ಒಂದೇ: ಈ ಉಗುರುಗಳಿಗೆ ರಿಮೂವರ್ ತಾಗಿಸಬೇಡಿ, ಚಮಚದ ಗತಿಯೇ ಆಗುತ್ತದೆ.

ಉಳಿದ ಕೆಲಸ

ಕಾಲಿನ ಉಗುರಿಗೆ ಈ ಸ್ಟ್ಯಾಂಡ್ ಆಗುವುದಿಲ್ಲ. ಹೆಬ್ಬೆರಳು 19 ಮಿಲಿಮೀಟರ್ ಸಂದಿಗೆ ಹೋಗುವುದೇ ಇಲ್ಲ, ಪಕ್ಕದ ಬೆರಳುಗಳು ಕಾಲುಕಡ್ಡಿಗೆ ತಾಗುತ್ತವೆ. ಇನ್ನೂ ಹತ್ತು ಮಿಲಿಮೀಟರ್ ಎತ್ತರ, ಒಂದೇ ಕಡೆ ಕಾಲಿರುವ ಸ್ಟ್ಯಾಂಡ್ ಬೇಕು. ಆದರೆ ಹಾಗೆ ಮಾಡಿದರೆ ಮ್ಯಾಗ್ನೆಟ್ ಭಾರಕ್ಕೆ ಮುಂದಕ್ಕೆ ವಾಲುತ್ತದೆ. ತಳಕ್ಕೆ ಭಾರ ಕೊಡಲು ಕಬ್ಬಿಣ ಬಳಸುವಂತಿಲ್ಲ. ಹಳೆ ಚಾರ್ಜರ್ ಒಳಗಿನ ಅಲ್ಯೂಮಿನಿಯಂ ಹೀಟ್ ಸಿಂಕ್ ಒಂದು ಸಿಕ್ಕಿದೆ, ಅದನ್ನೇ ತಳಕ್ಕೆ ಅಂಟಿಸಿ ನೋಡಬೇಕು. ತಂಗಿ ಮದುವೆಗೆ ಮೊದಲು ಆಗಬೇಕು ಅಂತ ತಾರೀಖು ಕೊಟ್ಟಿದ್ದಾಳೆ.